ಅಚೌರ್ಯವ್ರತವೂ ಹೆಣ್ಣುಮಕ್ಕಳ ಪಾಲೂ

ಶ್ರಾವಕನ ಐದು ಅಣುವ್ರತಗಳಲ್ಲಿ ಅಚೌರ್ಯವು ಮೂರನೆಯದು. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಕಳವು ಎಂಬುದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ನಿಲುವು. ಈ ವ್ರತಕ್ಕೆ ಐದು ಅತಿಚಾರಗಳನ್ನೂ ಅಲ್ಲಿ ಎಣಿಸಲಾಗಿದೆ. ಕಳ್ಳತನಕ್ಕೆ ಪ್ರೇರಣೆ ಕೊಡುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ಕೊಡುವಾಗ ಒಂದು ತೆಗೆದುಕೊಳ್ಳುವಾಗ ಮತ್ತೊಂದು ಅಳತೆಯನ್ನು ಬಳಸುವುದು, ಕಲಬೆರಕೆ ಮಾಡುವುದು, ಇವೇ ಆ ಐದು. ವ್ಯಾಪಾರವನ್ನೇ ವೃತ್ತಿಯಾಗಿಸಿಕೊಂಡ ಕುಟುಂಬಗಳಿಗೆ ಈ ಪಟ್ಟಿ ಬಾಯಿಪಾಠ. ಅಂಗಡಿಯ ತಕ್ಕಡಿ ಸರಿಯಿರಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಮನೆಯೊಳಗಿನ ತಕ್ಕಡಿಯನ್ನು ಪರೀಕ್ಷಿಸುವವರು ವಿರಳ.

ತಂದೆ ಕಾಲವಾದ ಕೆಲವು ತಿಂಗಳಿಗೆ ಅಣ್ಣತಮ್ಮಂದಿರು ಆಸ್ತಿಯ ಪತ್ರಗಳನ್ನು ಹೊರತೆಗೆಯುತ್ತಾರೆ. ಮದುವೆಯಾಗಿ ಬೇರೆ ಊರಿನಲ್ಲಿರುವ ತಂಗಿಗೆ, ‘ಒಂದು ದಿನದ ಮಟ್ಟಿಗೆ ಬಂದು ಹೋಗಮ್ಮ, ಸಹಿಯ ಕೆಲಸವಿದೆ’ ಎಂದು ಕರೆ ಹೋಗುತ್ತದೆ. ಆಕೆ ಬರುತ್ತಾಳೆ. ಉಪನೋಂದಣಿ ಕಚೇರಿಯಲ್ಲಿ ತೋರಿಸಿದ ಜಾಗದಲ್ಲೆಲ್ಲ ರುಜು ಹಾಕಿ, ಹೆಬ್ಬೆಟ್ಟು ಒತ್ತುತ್ತಾಳೆ. ಮಧ್ಯಾಹ್ನ ತವರಿನಲ್ಲಿ ಊಟ. ಸಂಜೆ ಅರಿಶಿನ ಕುಂಕುಮದೊಡನೆ ಒಂದು ಸೀರೆ. ಆ ಪತ್ರದಲ್ಲಿ ಏನು ಬರೆದಿತ್ತು, ತಾನು ಬಿಟ್ಟುಕೊಟ್ಟ ಪಾಲಿನ ಬೆಲೆಯೆಷ್ಟು ಎಂಬುದನ್ನು ಆಕೆಗೆ ಯಾರೂ ಹೇಳುವುದಿಲ್ಲ; ಆಕೆಯೂ ಕೇಳುವುದಿಲ್ಲ. ಕೇಳಿದರೆ ತವರಿನ ಬಾಗಿಲು ಮುಚ್ಚೀತೆಂಬ ಅಳುಕು. ಈ ಹಕ್ಕು ಬಿಡುಗಡೆ ಪತ್ರಕ್ಕೆ ಕಾನೂನಿನ ರೂಪವಿದೆ, ಮುದ್ರಾಂಕವಿದೆ, ಸಾಕ್ಷಿಗಳಿದ್ದಾರೆ. ಆದರೆ ಅದು ಆಕೆ ಕೊಟ್ಟದ್ದೇ, ಅಥವಾ ಆಕೆಯಿಂದ ತೆಗೆದುಕೊಂಡದ್ದೇ?

ಕಾನೂನಿನ ಸ್ಥಿತಿ ಸ್ಪಷ್ಟವಾಗಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಜೈನರಿಗೂ ಅನ್ವಯಿಸುತ್ತದೆ. ತಂದೆ ಉಯಿಲು ಬರೆಯದೆ ತೀರಿಕೊಂಡರೆ ಅವರ ಸ್ವಯಾರ್ಜಿತದಲ್ಲಿ ಮಗನಷ್ಟೇ ಪಾಲು ಮಗಳಿಗೂ ಅಂದಿನಿಂದಲೇ ಇದೆ. ಪಿತ್ರಾರ್ಜಿತದ ವಿಷಯದಲ್ಲಿ ಕರ್ನಾಟಕವು 1994ರ ಜುಲೈ 30ರಿಂದ ಮಗಳಿಗೂ ಹುಟ್ಟಿನಿಂದ ಹಕ್ಕು ನೀಡಿತು. ಅದಕ್ಕೆ ಮೊದಲೇ ಮದುವೆಯಾದವರು ಮಾತ್ರ ಹೊರಗುಳಿದರು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಮದುವೆಯ ಆ ಭೇದವನ್ನು ಉಳಿಸಲಿಲ್ಲ. ಆ ದಿನ ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 11ರಂದು ನಿರ್ಣಯಿಸಿತು. ಹೀಗಿರುವಾಗ, ಮಗಳ ಪಾಲನ್ನು ಮರೆಮಾಚಿ ವಿಭಾಗ ಮಾಡಿಕೊಳ್ಳುವುದು ರಾಜ್ಯದ ಕಟ್ಟಳೆಯನ್ನು ಮೀರಿದಂತೆ. ಮಗನಿಗೊಂದು ಮಗಳಿಗೊಂದು ಅಳತೆಯನ್ನು ಹಿಡಿದಂತೆ. ಒಂದೇ ಪತ್ರದಲ್ಲಿ ಎರಡು ಅತಿಚಾರಗಳು.

‘ಮದುವೆಗೆ ಖರ್ಚು ಮಾಡಿ, ಚಿನ್ನ ಹಾಕಿ ಕಳುಹಿಸಿದ್ದೇವೆ, ಇನ್ನೇನು ಪಾಲು?’ ಎಂಬ ವಾದವು ಸಾಮಾನ್ಯ. ಲೆಕ್ಕ ಬಲ್ಲವರು ಇದನ್ನು ಲೆಕ್ಕದಂತೆಯೇ ನೋಡಬೇಕು. ಮಗನ ಮದುವೆಗೂ ಖರ್ಚಾಗಿರುತ್ತದೆ, ಅವನ ವ್ಯಾಪಾರಕ್ಕೂ ಬಂಡವಾಳ ಸಂದಿರುತ್ತದೆ. ಆದರೆ ಅದನ್ನು ಅವನ ಖಾತೆಗೆ ಖರ್ಚೆಂದು ಯಾರೂ ಬರೆಯುವುದಿಲ್ಲ. ಛತ್ರದ ಬಾಡಿಗೆಯೂ ಊಟದ ವೆಚ್ಚವೂ ಮಗಳ ಕೈಸೇರಿದ ಧನವಲ್ಲ. ವರದಕ್ಷಿಣೆಯಂತೂ 1961ರ ಕಾಯಿದೆಯ ಪ್ರಕಾರ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ. ಅದನ್ನು ಪಾಲೆಂದು ತೋರಿಸಲಾಗದು. ತಂದೆತಾಯಿಯರ ಮುಪ್ಪಿನಲ್ಲಿ ಸೇವೆ ಮಾಡಿದ ಮಗನ ಮಾತಿಗೆ ತೂಕವಿದೆ. ಅದನ್ನು ಎಲ್ಲರೆದುರು ಹೇಳಿ ತೀರ್ಮಾನಿಸಿಕೊಳ್ಳಬಹುದು. ಆದರೆ ಸೇವೆ ಮಾಡಿದ ಹೆಣ್ಣುಮಕ್ಕಳಿಗೂ ಅದೇ ನ್ಯಾಯ ಸಲ್ಲಬೇಕು.

ತಂಗಿಯು ಮನಸಾರೆ ಬಿಟ್ಟುಕೊಡಬಾರದೆಂದು ಇದರ ಅರ್ಥವಲ್ಲ. ತ್ಯಾಗವು ಜೈನಧರ್ಮದ ಉಸಿರು. ಆದರೆ ತನ್ನದೆಂದು ತಿಳಿದದ್ದನ್ನು ಬಿಟ್ಟರೆ ತ್ಯಾಗ. ತನ್ನದೆಂಬುದೇ ತಿಳಿಯದಂತೆ ಮಾಡಿ ಬಿಡಿಸಿದರೆ ಅದು ಅದತ್ತಾದಾನ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು, ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದಳು. ಅವಳು ವಿಧವೆಯಾಗಿದ್ದಳು, ಆದರೂ ಧನವು ಅವಳ ಕೈಯಲ್ಲಿದ್ದುದರಿಂದಲೇ ಆ ದಾನ ಸಾಧ್ಯವಾಯಿತು. ಹತ್ತನೆಯ ಶತಮಾನದ ಆರಂಭದಲ್ಲಿ ನಾಗರಖಂಡವನ್ನು ಆಳಿದ ಜಕ್ಕಿಯಬ್ಬೆಯು ಸಲ್ಲೇಖನಕ್ಕೆ ಮುನ್ನ ಮಗಳನ್ನು ಕರೆಸಿ ತನ್ನ ಒಡೆತನವನ್ನು ಒಪ್ಪಿಸಿದಳೆಂದು ಶಾಸನ ಹೇಳುತ್ತದೆ. ತುಳುನಾಡಿನ ಅನೇಕ ಜೈನ ಮನೆತನಗಳಲ್ಲಿ ಅಳಿಯಸಂತಾನದ ಕಟ್ಟಿನಂತೆ ಆಸ್ತಿಯು ಹೆಣ್ಣಿನ ಸಂತತಿಯಲ್ಲಿಯೇ ಸಾಗಿಬಂದಿತು. ಆದುದರಿಂದ ಹೆಣ್ಣುಮಕ್ಕಳಿಗೆ ಪಾಲು ಕೊಡುವುದು ನಮ್ಮ ಸಂಪ್ರದಾಯವಲ್ಲ ಎಂಬ ಮಾತು ಇತಿಹಾಸಕ್ಕೆ ಒಪ್ಪುವುದಿಲ್ಲ. ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕೆಯನ್ನೂ ಆದಿನಾಥರೇ ಕಲಿಸಿದರೆಂದು ಹೇಳುವ ಸಮಾಜವು ತನ್ನ ಹೆಣ್ಣುಮಕ್ಕಳಿಂದ ಓದದೆ, ಎಣಿಸದೆ ಸಹಿ ಹಾಕಿಸಿಕೊಳ್ಳುವುದು ಎಷ್ಟು ಸರಿ?

ಮಾಡಬೇಕಾದುದು ಕಷ್ಟವೇನಲ್ಲ. ನೋಂದಣಿಗೆ ಒಂದು ತಿಂಗಳು ಮೊದಲೇ ಪತ್ರದ ಕರಡನ್ನು ಹೆಣ್ಣುಮಕ್ಕಳಿಗೆ ಕಳುಹಿಸಿ, ಅವರ ಪಾಲೆಷ್ಟು, ಇಂದಿನ ಬೆಲೆಯೇನು ಎಂಬುದನ್ನು ಬರೆದು ತಿಳಿಸಬೇಕು. ಅವರು ತಮಗೆ ಬೇಕಾದ ವಕೀಲರನ್ನು ಕೇಳಿಕೊಳ್ಳಲಿ. ಬೇಕೆಂದರೆ ಪಾಲನ್ನು ಕೊಡಬೇಕು. ಬೇಡವೆಂದರೆ ಅದನ್ನು ಅವರ ದಾನವೆಂದು ಮನೆಯವರೆಲ್ಲರೂ ಕೃತಜ್ಞತೆಯಿಂದ ಸ್ಮರಿಸಬೇಕು. ಎರಡರಲ್ಲಿ ಯಾವುದಾದರೂ ತವರಿನ ಬಾಗಿಲು ತೆರೆದೇ ಇರಬೇಕು.

ಬಸದಿಗಳ ಟ್ರಸ್ಟುಗಳಿಗೂ ಇಲ್ಲಿ ಹೊಣೆಯಿದೆ. ಪಿತ್ರಾರ್ಜಿತ ಜಮೀನನ್ನೋ ಮನೆಯನ್ನೋ ಬಸದಿಗೆ ಅರ್ಪಿಸಲು ಸೋದರರು ಬಂದಾಗ, ಸೋದರಿಯರಿಗೆ ವಿಷಯ ತಿಳಿದಿದೆಯೇ, ಅವರ ಒಪ್ಪಿಗೆಯಿದೆಯೇ ಎಂದು ವಿಶ್ವಸ್ತರು ವಿಚಾರಿಸಲಿ. ದಾನಿಗಳ ಶಿಲಾಫಲಕದಲ್ಲಿ ಅವರ ಹೆಸರೂ ಇರಲಿ. ಜಿನನ ಪೂಜೆಗೆ ಸಲ್ಲುವ ದ್ರವ್ಯವು ನ್ಯಾಯಾರ್ಜಿತವಾಗಿರಬೇಕೆಂಬ ನಿಯಮದ ಪಾಲನೆ ಅಲ್ಲಿಂದಲೇ ಆರಂಭವಾಗಲಿ.