ಹೆಬ್ರಾನ್: ಹಿತ್ತಿಲ ಬಾಗಿಲಿನ ಬದುಕು

ಲೋಕಿಕೆರೆಯ ರೈತ ಮೆಕ್ಕೆಜೋಳ ಹೇರಿಕೊಂಡು ದಾವಣಗೆರೆ ಮಾರುಕಟ್ಟೆಗೆ ಹೊರಟರೆ, ‘ಯಾರು ನೀನು, ಈ ದಾರಿಯಲ್ಲಿ ಏಕೆ ಬಂದೆ?’ ಎಂದು ತಡೆದು ಕೇಳುವವರಿಲ್ಲ. ಬಹಳ ಕಾಲ ಅಶೋಕ ಟಾಕೀಸ್ ಬಳಿಯ ರೈಲ್ವೆ ಗೇಟು ಬಿದ್ದಾಗಲೆಲ್ಲ ಜನ ಗೊಣಗುತ್ತಿದ್ದರು. ಆದರೂ ರೈಲು ಹೋದ ಮೇಲೆ ಗೇಟು ಎಲ್ಲರಿಗೂ ಏಳುತ್ತಿತ್ತು. ಕೆಲವರಿಗೆ ಮಾತ್ರ ಏಳುವ ಗೇಟೊಂದನ್ನು ಊಹಿಸಿಕೊಂಡರೆ ಪ್ಯಾಲೆಸ್ಟೀನಿನ ಹೆಬ್ರಾನ್ ಪಟ್ಟಣದ ಸ್ಥಿತಿ ತಿಳಿಯುತ್ತದೆ.

ಜೆರುಸಲೇಮಿನ ದಕ್ಷಿಣಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿ, ಬೆಟ್ಟಗಳ ನಡುವೆ ಇರುವ ಪುರಾತನ ಊರಿದು. ಅರಬ್ಬರು ಇದನ್ನು ಅಲ್ ಖಲೀಲ್ ಎನ್ನುತ್ತಾರೆ. ದ್ರಾಕ್ಷಿಗೂ ಗಾಜಿನ ಕುಶಲ ಕೆಲಸಕ್ಕೂ ಹೆಸರುವಾಸಿ. ಯಹೂದಿ, ಕ್ರೈಸ್ತ, ಮುಸ್ಲಿಂ ಮೂವರೂ ಗೌರವಿಸುವ ಅಬ್ರಹಾಮನ ಸಮಾಧಿ ಇಲ್ಲಿದೆ ಎಂಬುದು ನಂಬಿಕೆ. ಆ ಪಾವಿತ್ರ್ಯವೇ ಊರಿಗೆ ಮುಳುವಾಯಿತೇನೋ! 1929ರ ಗಲಭೆಯಲ್ಲಿ ಇಲ್ಲಿ 67 ಯಹೂದಿಗಳ ಕೊಲೆಯಾಯಿತು. ಆಗ ಹಲವು ಯಹೂದಿಗಳನ್ನು ಮನೆಯಲ್ಲಿ ಅಡಗಿಸಿ ಉಳಿಸಿದವರೂ ಅರಬ್ ನೆರೆಹೊರೆಯವರೇ.

1967ರ ಯುದ್ಧದಲ್ಲಿ ಊರು ಇಸ್ರೇಲಿ ಸೈನ್ಯದ ವಶವಾಯಿತು. ಮರುವರ್ಷ ಹಬ್ಬ ಆಚರಿಸಲು ಹೋಟೆಲಿಗೆ ಬಂದಿಳಿದ ಯಹೂದಿ ಗುಂಪೊಂದು ಹಿಂದಿರುಗಲಿಲ್ಲ. ಮುಂದೆ ಊರ ಪಕ್ಕದಲ್ಲೇ ಕಿರ್ಯಾತ್ ಅರ್ಬಾ ವಸಾಹತು ಎದ್ದಿತು. 1979ರಿಂದ ವಸಾಹತಿಗರು ಪೇಟೆಯ ನಡುವೆಯೂ ನೆಲೆಸಿದರು. 1994ರ ಫೆಬ್ರುವರಿ 25ರಂದು ವಸಾಹತಿಗನೊಬ್ಬ ಇಬ್ರಾಹಿಮಿ ಮಸೀದಿಯಲ್ಲಿ ಗುಂಡು ಹಾರಿಸಿ, ಪ್ರಾರ್ಥನೆಯಲ್ಲಿದ್ದ 29 ಜನರನ್ನು ಕೊಂದ. ವಿಪರ್ಯಾಸವೆಂದರೆ, ಆ ಬಳಿಕ ಹೆಚ್ಚಿನ ನಿರ್ಬಂಧ ಬಿದ್ದದ್ದು ಪ್ಯಾಲೆಸ್ಟೀನಿಯರ ಮೇಲೆ.

1997ರ ಒಪ್ಪಂದ ಊರನ್ನು ಎರಡು ಪಾಲು ಮಾಡಿತು. ಐದರಲ್ಲೊಂದು ಭಾಗ ಇಸ್ರೇಲಿ ಸೈನ್ಯದ ಹಿಡಿತದಲ್ಲೇ ಉಳಿಯಿತು. ಅಲ್ಲಿ ಹಲವು ಸಾವಿರ ಪ್ಯಾಲೆಸ್ಟೀನಿಯರ ನಡುವೆ ಕೆಲವು ನೂರು ವಸಾಹತಿಗರು. ಅವರ ಕಾವಲಿಗೆ ಸೈನಿಕರು. ಒಂದು ಕಾಲದಲ್ಲಿ ಕಾಲಿಡಲು ಜಾಗವಿಲ್ಲದಂತೆ ತುಂಬಿರುತ್ತಿದ್ದ ಶುಹದಾ ಬೀದಿಯ ಅಂಗಡಿ ಬಾಗಿಲುಗಳಿಗೆ ಬೆಸುಗೆ ಬಿತ್ತು. ಕೆಲವು ಮನೆಗಳ ಮುಂಬಾಗಿಲಿಗೂ ಅದೇ ಗತಿ. ಮನೆಯವರು ಹಿತ್ತಿಲಿನಿಂದಲೋ, ಏಣಿ ಹತ್ತಿ ಪಕ್ಕದವರ ಮಾಳಿಗೆಯ ಮೇಲಿಂದಲೋ ಓಡಾಡಬೇಕಾಯಿತು. ಅವರ ವಾಹನಗಳಿಗೆ ಪ್ರವೇಶವಿಲ್ಲದ ಕಡೆ ಅಕ್ಕಿ ಮೂಟೆಯಾಗಲಿ, ಗ್ಯಾಸ್ ಸಿಲಿಂಡರಾಗಲಿ ಕೈಯಲ್ಲೇ ಹೊರಬೇಕು. ಮಕ್ಕಳು ಪಾಟೀಚೀಲ ತೋರಿಸಿ ತಪಾಸಣಾ ಕಟ್ಟೆ ದಾಟಿ ಶಾಲೆ ಸೇರಬೇಕು. ಹಳೆಯ ಪೇಟೆಯ ಓಣಿಗಳ ಮೇಲೆ ತಂತಿಬಲೆ ಕಟ್ಟಿದ್ದಾರೆ. ಮೇಲಿನ ವಸಾಹತು ಮನೆಗಳಿಂದ ಬೀಳುವ ಕಸ, ಕಲ್ಲು ತಡೆಯಲು!

ಕಾನೂನೂ ಎರಡು. ಒಂದೇ ಬೀದಿಯಲ್ಲಿ ಇಬ್ಬರು ಹುಡುಗರು ಕಲ್ಲೆಸೆದರೆ, ವಸಾಹತಿನ ಹುಡುಗನಿಗೆ ನಾಗರಿಕ ನ್ಯಾಯಾಲಯ, ಪ್ಯಾಲೆಸ್ಟೀನಿ ಹುಡುಗನಿಗೆ ಸೇನಾ ನ್ಯಾಯಾಲಯ. 2024ರ ಜುಲೈನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಈ ಆಕ್ರಮಣವೇ ಕಾನೂನುಬಾಹಿರ ಎಂದು ಅಭಿಪ್ರಾಯ ನೀಡಿತು. ಅಭಿಪ್ರಾಯದಿಂದ ಬೆಸುಗೆ ಬಿಡುವುದಿಲ್ಲ.

ಎಷ್ಟೋ ಜನ ಬೇಸತ್ತು ಊರು ಬಿಟ್ಟರು. ಆದರೆ 1996ರಲ್ಲಿ ಹುಟ್ಟಿದ ಹೆಬ್ರಾನ್ ಪುನರುಜ್ಜೀವನ ಸಮಿತಿ ಪಾಳುಬಿದ್ದ ಕಲ್ಲುಮನೆಗಳನ್ನು ದುರಸ್ತಿ ಮಾಡಿ, ಸಂಸಾರಗಳನ್ನು ಮತ್ತೆ ಕರೆತಂದಿತು. ಹಳೆಯ ಊರು 2017ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಖಾಲಿಬಿಟ್ಟ ಮನೆ ಕೈಬಿಟ್ಟ ಹಾಗೆ ಎಂಬುದು ಅಲ್ಲಿನವರಿಗೆ ಗೊತ್ತು. ಅದಕ್ಕೇ ಬೆಳಗಾದರೆ ಏಣಿ ಇಳಿದು ಕೆಲಸಕ್ಕೆ ಹೋಗುತ್ತಾರೆ. ಸಂಜೆ ಅದೇ ಏಣಿ ಹತ್ತಿ ಮನೆ ಸೇರಿ ದೀಪ ಹಚ್ಚುತ್ತಾರೆ.