ನೆರೆಯವರು ಕೇಳಿದ ಪ್ರಶ್ನೆ

ಆದಿವಾಲದಲ್ಲಿ ನಮ್ಮ ಮನೆಯ ಮಾತು ದಖನಿ, ಬೀದಿಯ ಮಾತು ಕನ್ನಡ, ಮದ್ರಸದ ಪಾಠ ಅರಬ್ಬಿ ಮತ್ತು ಉರ್ದು. ಒಂದನ್ನು ಇನ್ನೊಂದರೊಡನೆ ಬೆಸೆಯುವ ಅಗತ್ಯ ನಮಗೆ ಬಹುಕಾಲ ತೋರಿರಲಿಲ್ಲ.

ವ್ಯಾಸಂಗ ಮುಗಿಸಿ ಊರಿಗೆ ಮರಳಿದ ಹೊಸದರಲ್ಲಿ, ಒಂದು ಸಂಜೆ ನೆರೆಮನೆಯ ಹಿರಿಯ ಗೌಡರು ನಮ್ಮನ್ನು ಕರೆದರು. "ಮೌಲ್ವಿ ಸಾಬ್ರೇ, ದಿನಾ ಐದು ಸಲ ಓದ್ತೀರಲ್ಲ, ದೇವರ ಹತ್ರ ಏನು ಕೇಳ್ಕೊಳ್ತೀರಿ? ನಮಗೂ ಒಂದಿಷ್ಟು ಹೇಳಿ" ಎಂದರು. ಸೂರಃ ಅಲ್-ಫಾತಿಹಾದ ಏಳು ಆಯತ್‌ಗಳು ನಮಗೆ ಕಂಠಪಾಠವಾಗಿದ್ದವು. ಅದರ ವ್ಯಾಖ್ಯಾನವನ್ನು ಉರ್ದುವಿನಲ್ಲಿ ಗಂಟೆಗಟ್ಟಲೆ ಹೇಳಬಲ್ಲವರಾಗಿದ್ದೆವು. ಆದರೆ ಆ ಹಿರಿಯರಿಗೆ ತಿಳಿಯುವ ಕನ್ನಡದಲ್ಲಿ ನಾಲ್ಕು ವಾಕ್ಯ ಹೊಂದಲಿಲ್ಲ. "ಇನ್ನೊಂದು ದಿನ ಹೇಳ್ತೇವೆ ಗೌಡ್ರೇ" ಎಂದು ಜಾರಿಕೊಂಡೆವು. ಮುಂದೆ ನಾವು ಕನ್ನಡ ಬಿ.ಎ.ಗೆ ಸೇರಿದ್ದು ಆ ಸಂಜೆಯ ನಾಚಿಕೆಯಿಂದ.

ಪಂಪನು 941ರಲ್ಲಿ ರಚಿಸಿದ ಆದಿಪುರಾಣ ಜೈನ ತೀರ್ಥಂಕರನ ಕಥೆ; ವಚನಗಳು ಶಿವಶರಣರ ಅನುಭವ. ಇವನ್ನು ಓದಿದರೆ ಈಮಾನ್ ಸಡಿಲವಾದೀತೆಂದು ಕೆಲವು ಹಿರಿಯರು ಎಚ್ಚರಿಸಿದರು. ಆದದ್ದೇ ಬೇರೆ. ನಡೆ ಮತ್ತು ನುಡಿ ಒಂದಾಗದ ಭಕ್ತಿಯನ್ನು ಶರಣರು ಕಟುವಾಗಿ ಪ್ರಶ್ನಿಸುವುದನ್ನು ಓದುತ್ತಿದ್ದಾಗ ನಮಗೆ ಸೂರಃ ಅಲ್-ಮಾಊನ್ ನೆನಪಾಯಿತು. ಅನಾಥನನ್ನು ದೂಡುವವರ ಬಗ್ಗೆಯೂ, ತೋರಿಕೆಗಾಗಿ ನಮಾಝ್ ಮಾಡುವವರ ಬಗ್ಗೆಯೂ ಅದು ಎಚ್ಚರಿಸುತ್ತದೆ. ಬಾಲ್ಯದಿಂದ ಓದುತ್ತಿದ್ದ ಆ ಪುಟ್ಟ ಅಧ್ಯಾಯ ನಮ್ಮನ್ನೇ ಕುರಿತು ಕೇಳುತ್ತಿದೆಯೆಂದು ಅಂದು ಹೊಳೆಯಿತು. ಅನ್ಯರ ಗ್ರಂಥವು ನಮ್ಮನ್ನು ನಮ್ಮ ಗ್ರಂಥದ ಬಳಿಗೇ ಮರಳಿ ಕಳುಹಿಸಿತ್ತು.

ಇದು ಇಸ್ಲಾಮಿಗೆ ಹೊಸ ದಾರಿಯಲ್ಲ. ಪ್ರವಾದಿ ಮುಹಮ್ಮದ್(ಸ)ರು ಯಹೂದಿಯರ ಬರವಣಿಗೆಯನ್ನು ಕಲಿಯುವಂತೆ ಝೈದ್ ಬಿನ್ ಸಾಬಿತ್(ರ)ರಿಗೆ ಆದೇಶಿಸಿದರೆಂದೂ, ಅವರು ಸುಮಾರು ಅರ್ಧ ತಿಂಗಳಲ್ಲೇ ಅದನ್ನು ಕಲಿತರೆಂದೂ ಹದೀಸ್‌ಗಳಲ್ಲಿದೆ. 973ರಲ್ಲಿ ಜನಿಸಿದ ಅಲ್-ಬಿರೂನಿ ಸಂಸ್ಕೃತ ಕಲಿತು, ಪತಂಜಲಿಯ ಯೋಗಗ್ರಂಥವನ್ನು ಅರಬ್ಬಿಗೆ ತಂದರು. ಸುಮಾರು 1030ರಲ್ಲಿ ಬರೆದ ತಮ್ಮ ಭಾರತ ಗ್ರಂಥದಲ್ಲಿ ವಾದಕ್ಕಿಳಿಯದೆ, ಹಿಂದೂಗಳ ಮಾತನ್ನು ಅವರದೇ ನೆಲೆಯಿಂದ ನಿರೂಪಿಸಿದರು. ನಮ್ಮ ಕಾಲದಲ್ಲಿ, ನೆರೆಯ ಜಿಲ್ಲೆಯ ತರೀಕೆರೆ ಸೀಮೆಯಿಂದ ಬಂದ ರಹಮತ್ ತರೀಕೆರೆಯವರು ಕರ್ನಾಟಕದ ಸೂಫಿಗಳನ್ನೂ ನಾಥಪಂಥವನ್ನೂ ಅಷ್ಟೇ ಶ್ರದ್ಧೆಯಿಂದ ಅಧ್ಯಯನ ಮಾಡಿದ್ದಾರೆ.

ಅರಿಯುವುದೆಂದರೆ ಎಲ್ಲವನ್ನೂ ಬೆರೆಸುವುದಲ್ಲ. ಸೂರಃ ಅಲ್-ಕಾಫಿರೂನ್ ನಮ್ಮ ಆರಾಧನೆಯ ಗೆರೆಯನ್ನು ಸ್ಪಷ್ಟವಾಗಿ ಎಳೆದಿದೆ. ಅನ್ಯರು ಪ್ರಾರ್ಥಿಸುವವರನ್ನು ನಿಂದಿಸಬಾರದೆಂದು ಸೂರಃ ಅಲ್-ಅನ್‌ಆಮ್ ಅಷ್ಟೇ ಸ್ಪಷ್ಟವಾಗಿ ತಡೆದಿದೆ. ಜನಾಂಗಗಳನ್ನೂ ಗೋತ್ರಗಳನ್ನೂ ಮಾಡಿದ್ದು ಪರಸ್ಪರ ಅರಿಯಲೆಂದು ಸೂರಃ ಅಲ್-ಹುಜುರಾತ್ ತಿಳಿಸುತ್ತದೆ. ಅರಿಯದೆ ಗೌರವಿಸುವುದಾದರೂ ಹೇಗೆ?

ಇತ್ತೀಚೆಗೆ ತಂದೆಯೊಬ್ಬರು ಮಗಳನ್ನು ಕರೆದುಕೊಂಡು ಬಂದರು. "ಹಜ್ರತ್, ಇವಳು ಶಾಲೆಯ ವಚನ ಸ್ಪರ್ಧೆಗೆ ಸೇರ್ತಾಳಂತೆ. ಈಮಾನಿಗೆ ಧಕ್ಕೆ ಆಗೋದಿಲ್ವಾ?" ಎಂದು ಕೇಳಿದರು. ನಾವು ಮಗುವಿಗೆ ಆ ವಚನದ ಅರ್ಥ ಕೇಳಿದೆವು, ತಡವರಿಸದೆ ಹೇಳಿದಳು. ಬಳಿಕ ಸೂರಃ ಅಲ್-ಇಖ್ಲಾಸ್ ಓದಿಸಿದೆವು; ಸುಶ್ರಾವ್ಯವಾಗಿ ಓದಿದಳು. ಅದರ ಅರ್ಥ ಕೇಳಿದಾಗ ಮೌನವಾದಳು. ತಂದೆ ಅವಳತ್ತ ಸಿಟ್ಟಿನಿಂದ ನೋಡಿದರು. ಆದರೆ ತಲೆತಗ್ಗಿಸಬೇಕಾದವರು ಅವಳಿಗೆ ಕಲಿಸಿದ ನಾವು. ಗೌಡರ ಮುಂದೆ ಸೋತ ರೀತಿಯಲ್ಲೇ ಇನ್ನೊಂದು ಪೀಳಿಗೆಯನ್ನು ಬೆಳೆಸುತ್ತಿದ್ದೆವು.

"ಸ್ಪರ್ಧೆಗೆ ಕಳುಹಿಸಿ. ಅಪಾಯ ಇರುವುದು ವಚನದಲ್ಲಲ್ಲ, ನಾವು ಕಲಿಸದೆ ಬಿಟ್ಟದ್ದರಲ್ಲಿ" ಎಂದೆವು. ಅಂದಿನಿಂದ ನಮ್ಮ ತರಗತಿಯಲ್ಲಿ ವಾರಕ್ಕೊಂದು ಪುಟ್ಟ ಸೂರಃದ ಅರ್ಥವನ್ನು ಮಕ್ಕಳು ಕನ್ನಡದಲ್ಲಿ, ತಮ್ಮದೇ ಮಾತಿನಲ್ಲಿ ಹೇಳಬೇಕು. ಮೊದಲನೆಯದು ಅಲ್-ಫಾತಿಹಾ.

ನಮ್ಮ ಪದವಿ ಮುಗಿಯುವ ಮೊದಲೇ ಗೌಡರು ತೀರಿಕೊಂಡರು. ಅವರಿಗೆ ಹೇಳಬೇಕಿದ್ದ ಉತ್ತರ ನಮ್ಮಲ್ಲೇ ಸಾಲವಾಗಿ ಉಳಿಯಿತು. ಪ್ರಿಯ ಹೆತ್ತವರೇ, ನಿಮ್ಮ ನೆರೆಯವರು ನಾಳೆ ಇದೇ ಪ್ರಶ್ನೆಯನ್ನು ನಿಮ್ಮ ಮಕ್ಕಳಿಗೆ ಕೇಳಬಹುದು. ಅವರು ಉತ್ತರಿಸಲಿ, ನೆರೆಯವರ ನಂಬಿಕೆಯ ಬಗ್ಗೆಯೂ ವಿನಯದಿಂದ ಕೇಳಿ ತಿಳಿಯಲಿ. ಅಲ್ಲಾಹನು ನಮ್ಮೆಲ್ಲರಿಗೂ ಉಪಯುಕ್ತ ಜ್ಞಾನವನ್ನು ಕರುಣಿಸಲಿ. ಆಮೀನ್.