ಕವರಿನ ಮ್ಯಾಲೆ ಯಾರ ಹೆಸರು?

ಬೀಳಗಿಯ ಮಗಳು ಅಮೀರ್‌ಬಾಯಿ ಕರ್ನಾಟಕಿ ಮುಂಬಯಿಗೆ ಹೋಗಿ 1943ರ 'ಕಿಸ್ಮತ್' ಚಿತ್ರಕ್ಕೆ ಹಾಡಿದಾಗ ಆ ದನಿ ದೇಶವೆಲ್ಲ ತಿರುಗಿತು. ತಿರುಗಿದ್ದು ಅರಗಿನ ಗ್ರಾಮಫೋನ್ ಪ್ಲೇಟಿನಲ್ಲಿ. ಆಗಿನ ಪ್ಲೇಟಿಗೆ ಬರೇ ಕಾಗದದ ಚೀಲ, ನಡುವೆ ದುಂಡನೆಯ ತೂತು. ತೂತಿನೊಳಗಿಂದ ಹಾಡಿದವರ ಹೆಸರಿನ ಚೀಟಿ ಇಣುಕುತ್ತಿತ್ತು. ಚೀಲ ಮಾತ್ರ ಕಂಪನಿಯದೋ ಅಂಗಡಿಯದೋ.

ಚಿತ್ರದ ಕವರು ಬಂದದ್ದು ಆಮೇಲೆ. ಮೊದಲು ಎಲ್‌ಪಿಯ ರಟ್ಟು, ಹಿಂದೆಯೇ ಕ್ಯಾಸೆಟ್ಟು. ನಮ್ಮಪ್ಪ ಹಲಗಿ ಬಾರಿಸಿದ ಒಂದು ಕ್ಯಾಸೆಟ್ಟು ಮನೆಯ ಮಾಡದಲ್ಲಿ ಇನ್ನೂ ಐತಿ, ನಾವು ಹುಟ್ಟುವ ಮೊದಲಿನದು. ಕವರಿನ ಮ್ಯಾಲೆ ದೇವರ ಚಿತ್ರ, ಹಾಡಿದವರ ಚಿತ್ರ, ಮಾರಿದವರ ಹೆಸರು. ಹಲಗಿಯವರು ಎಲ್ಲಿ? 'ಮತ್ತು ಸಂಗಡಿಗರು'. ಅಷ್ಟೇ. ಆ ದೇವರ ಗುಡಿಯ ಕಟ್ಟಿಯನ್ನು ಅಪ್ಪ ಇವತ್ತಿಗೂ ಹತ್ತಿಲ್ಲ. ಅವನ ಹಲಗಿಯ ಸಪ್ಪಳ ಮಾತ್ರ ಗರ್ಭಗುಡಿ ಮುಟ್ಟಿ ಬಂದೈತಿ.

ಈ ಸಿಟ್ಟಿನಲ್ಲೇ ನಾವು ಇಂಗ್ಲೆಂಡಿನ ಪಂಕ್ ಹುಡುಗರ ಕವರುಗಳನ್ನು ನೋಡಿದೆವು. ಪಂಕ್ ಅಂದರೆ ಪುಂಡ, ಕೆಲಸಕ್ಕೆ ಬಾರದವ. ಬೈಗುಳವನ್ನೇ ಅವರು ಹೆಸರು ಮಾಡಿಕೊಂಡರು. (ನಮ್ಮಲ್ಲಿ ಇದು ಅದಕ್ಕೂ ಮೊದಲೇ ಆಗಿತ್ತು: 1975ರಲ್ಲಿ ಸಿದ್ದಲಿಂಗಯ್ಯನವರ ಸಂಕಲನದ ಹೆಸರೇ 'ಹೊಲೆಮಾದಿಗರ ಹಾಡು'.) 1977ರಲ್ಲಿ ರಾಣಿ ಪಟ್ಟಕ್ಕೆ ಬಂದು 25 ವರ್ಷವಾಯಿತೆಂದು ಬ್ರಿಟನ್ ಹಬ್ಬ ಮಾಡುತ್ತಿತ್ತು. ಸೆಕ್ಸ್ ಪಿಸ್ಟಲ್ಸ್ ತಂಡಕ್ಕಾಗಿ ಜೇಮೀ ರೀಡ್ ಅದೇ ರಾಣಿಯ ಫೋಟೋ ತೆಗೆದುಕೊಂಡು, ಪೇಪರಿನಿಂದ ಕತ್ತರಿಸಿದಂಥ ಅಕ್ಷರಗಳಿಂದ ಕಣ್ಣು ಬಾಯಿ ಮುಚ್ಚಿದ. ನೋಡಿ ನಮ್ಮ ಹೊಟ್ಟೆ ತಣ್ಣಗಾಯಿತು. ಆದರೆ ಆ ಪ್ಲೇಟು ಹೊರತಂದದ್ದು ವರ್ಜಿನ್ ಎಂಬ ಕಂಪನಿ. ಸಿಟ್ಟೂ ಮಾರಾಟ ಆಗ್ತೈತಿ.

ನಮಗೆ ಹೆಚ್ಚು ಹತ್ತಿರವಾದದ್ದು 1978ರಲ್ಲಿ ಸ್ಕ್ರಿಟ್ಟಿ ಪೊಲಿಟ್ಟಿ ತಂಡದವರು ಸ್ವಂತ ತಂದ ಪ್ಲೇಟು. ಅದರ ಕವರಿನ ಮ್ಯಾಲೆ ಖರ್ಚಿನ ಲೆಕ್ಕವನ್ನೇ ಅಚ್ಚು ಹಾಕಿದರು. ಸ್ಟುಡಿಯೋಕ್ಕೆ ಎಷ್ಟು, ಪ್ಲೇಟು ಒತ್ತಲಿಕ್ಕೆ ಎಷ್ಟು, ಚೀಟಿಯ ಅಚ್ಚಿಗೆ ಎಷ್ಟು. ಓದಿದವರು ತಾವೂ ಮಾಡಿಕೊಳ್ಳಲಿ ಅಂತ. ಲೆಕ್ಕ ಮುಚ್ಚಿಡೋದರಾಗ ಏನೈತಿ ಅಂತ ರಬಕವಿ-ಬನಹಟ್ಟಿಯ ಮಗ್ಗದವರನ್ನು ಕೇಳ್ರಿ. ಸೀರೆಯ ಮಡಿಕೆಯ ಮ್ಯಾಲಿನ ಚೀಟಿಯಲ್ಲಿ ವ್ಯಾಪಾರದವರ ಹೆಸರು ಇರ್ತೈತಿ. ನೇದವರ ಹೆಸರು ಹುಡುಕ್ರಿ, ಕೂಲಿ ಎಷ್ಟು ಅಂತ ಹುಡುಕ್ರಿ.

ಈಗ ಕವರೂ ಹೋಯಿತು, ಮೊಬೈಲಿನಲ್ಲಿ ಉಗುರಿನಷ್ಟು ಚೌಕ ಚಿತ್ರ ಉಳಿದೈತಿ. ಈ ಸಲ ನಮ್ಮ ತಂಡದ ಹಾಡಿಗೆ ಆ ಚೌಕವನ್ನು ನಾವೇ ಮಾಡಿದೆವು. ದೇವರಿಲ್ಲ, ನಾಯಕರಿಲ್ಲ. ಹಲಗಿಯ ಐದು ಮಂದಿಯ ಹೆಸರು, ಸ್ಟುಡಿಯೋ ಬಾಡಿಗಿ, ಟೆಂಪೋ ಬಾಡಿಗಿ, ಚಹಾದ ರೊಕ್ಕ.

"ಚಹಾ ಯಾಕ ಬರದೀರೋ?" ಅಂದ ಅಪ್ಪ.

"ಹೊಟೇಲಿನ್ಯಾಗ ನಿನಗ ಬ್ಯಾರೆ ಕಪ್ಪು ಇಡ್ತಿದ್ರಲ್ಲ, ಅದಕ್ಕ" ಅಂದ್ವಿ.

ಅಪ್ಪ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು, "ಅಕ್ಷರ ಸಣ್ಣ ಆಗ್ಯಾವು, ದೊಡ್ಡವು ಮಾಡ್ರಿ" ಅಂದ.